ರ‍್ಯಾಪ್ ರೆಕಾರ್ಡಿಂಗ್‌ಗೆ ಮೈಕ್: 12 ಸಾವಿರದಲ್ಲಿ ಯಾವುದು ತಗೊಳ್ಳಲಿ?

ಭಟ್ಟಿ_ಪ್ರಾಸ
ಎಲ್ಲರಿಗೂ ನಮಸ್ಕಾರ. ನನ್ನೂರು ದಾವಣಗೆರೆ. ಎರಡು ವರ್ಷದಿಂದ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಿದ್ದೇನೆ, ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಈಗ ಇರುವುದು ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗುವ ಕಂಡೆನ್ಸರ್ (ಕರೆಂಟ್ ಬೇಕಾಗುವ ಬಗೆಯ ಮೈಕ್) ಸೆಟ್. ಮೈಕ್, ಮೇಜಿಗೆ ಸಿಕ್ಕಿಸುವ ಸ್ಟ್ಯಾಂಡ್, ಚಪ್ಪಾಳೆ ನಗುವಿನ ಬಟನ್ ಇರುವ ಚಿಕ್ಕ ಸೌಂಡ್ ಕಾರ್ಡ್ ಎಲ್ಲ ಒಟ್ಟಿಗೆ ಬಂದಿದ್ದು.

ಸಮಸ್ಯೆ ಏನೆಂದರೆ ಧ್ವನಿ ಬಚ್ಚಲುಮನೆಯಿಂದ ಬಂದ ಹಾಗೆ ಕೇಳುತ್ತದೆ. ಬೀಟ್ ಮೇಲೆ ಕೂರುವುದಿಲ್ಲ, ಹಿಂದೆಲ್ಲೋ ನಿಂತು ಹೇಳಿದ ಹಾಗೆ ಇರುತ್ತದೆ. ಕಂಪ್ರೆಸರ್ (ಜೋರು ಸದ್ದನ್ನು ಅದುಮುವ ಎಫೆಕ್ಟ್) ಹಾಕಿದರೆ ಸುಂಯ್ ಅನ್ನುವ ಸದ್ದು ಮೇಲೆ ಬರುತ್ತದೆ.

ಕೋಣೆ 10 ಅಡಿಗೆ 10 ಅಡಿ. ಟೈಲ್ಸ್ ನೆಲ, ಒಂದು ಕಿಟಕಿ, ಮಂಚ, ಕಬ್ಬಿಣದ ಬೀರು. ಹತ್ತಿರದಲ್ಲೇ ಮಂಡಕ್ಕಿ ಭಟ್ಟಿಗಳಿವೆ, ರಸ್ತೆಯಲ್ಲಿ ಆಟೊ, ಲಗೇಜ್ ಗಾಡಿ ನಿಲ್ಲುವುದೇ ಇಲ್ಲ.

ಸಂಜೆ ಹೊತ್ತು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡಿ 12 ಸಾವಿರ ಕೂಡಿಸಿದ್ದೇನೆ. ಅದರಲ್ಲೇ ಎಲ್ಲ ಆಗಬೇಕು. ಒಮ್ಮೆ ತಪ್ಪು ತಗೊಂಡರೆ ಇನ್ನೊಂದು ವರ್ಷ ಕಾಯಬೇಕು, ಅದಕ್ಕೇ ಕೇಳುತ್ತಿದ್ದೇನೆ. ತಲೆಯಲ್ಲಿರುವುದು ಆಡಿಯೊ-ಟೆಕ್ನಿಕಾ ಎಟಿ2020 ಅನ್ನುವ ಕಂಡೆನ್ಸರ್, ಇಲ್ಲಾ ಶ್ಯೂರ್ ಎಸ್‌ಎಂ58 ಅನ್ನುವ ಡೈನಾಮಿಕ್ (ಕರೆಂಟ್ ಬೇಡದ ಬಗೆಯ ಮೈಕ್). ಯಾವುದು?

ಬಸವನಗುಡಿ_ಬಾಸ್
ಎಟಿ2020. ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಸ್ಟುಡಿಯೊ ರೆಕಾರ್ಡಿಂಗ್ ಅಂದರೆ ಕಂಡೆನ್ಸರ್, ಅದರಲ್ಲಿ ಚರ್ಚೆಯೇ ಇಲ್ಲ.

ಹಳೇ_ಹುಬ್ಬಳ್ಳಿ
ಚರ್ಚೆ ಇದೆ ರೀ. ಆ ಹುಡುಗ ಟೈಲ್ಸ್ ನೆಲ, ಮುಂದೆ ರಸ್ತೆ ಅಂತ ಬರೆದಿದ್ದು ಓದಿದಿರಾ? ನಾನು 14 ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದೇನೆ. ಎಸ್‌ಎಂ58 ಬಂದಿದ್ದು 1966ರಲ್ಲಿ, ಇವತ್ತಿಗೂ ಎಲ್ಲ ವೇದಿಕೆಯ ಮೇಲೂ ಅದೇ ಇರುತ್ತದೆ. ಬಿದ್ದರೂ ಏನೂ ಆಗುವುದಿಲ್ಲ. ಬಾಯಿಗೆ ಹತ್ತಿರ ಹಿಡಿದು ಹೇಳು ತಮ್ಮಾ, ರಸ್ತೆ ಸದ್ದು ತಾನೇ ಕೆಳಗೆ ಹೋಗುತ್ತದೆ.

ಬಸವನಗುಡಿ_ಬಾಸ್
ವೇದಿಕೆ ಬೇರೆ, ರೆಕಾರ್ಡಿಂಗ್ ಬೇರೆ ಅಲ್ವಾ ಸಾರ್. ಡೈನಾಮಿಕ್‌ನಲ್ಲಿ ಆ ಮೇಲಿನ (ತೀಕ್ಷ್ಣ ಸದ್ದುಗಳ) ಹೊಳಪು ಬರುವುದಿಲ್ಲ. ರ‍್ಯಾಪ್‌ನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಬೇಕು.

ಕೇಳುವ_ಕಿವಿ
ಇಬ್ಬರೂ ಒಂದು ನಿಮಿಷ ನಿಲ್ಲಿ. ನಾನು ಮೈಸೂರಿನಲ್ಲಿ ಮಿಕ್ಸಿಂಗ್ ಮಾಡುತ್ತೇನೆ, ನನಗೆ ಬರುವ ಹತ್ತು ರ‍್ಯಾಪ್ ಫೈಲ್‌ಗಳಲ್ಲಿ ಏಳೆಂಟಕ್ಕೆ ಇದೇ ಕಾಯಿಲೆ. ಮೈಕ್ ಬದಲಾಯಿಸಿದ ಮೇಲೂ ಅದೇ ಕಾಯಿಲೆ ಇಟ್ಟುಕೊಂಡು ವಾಪಸ್ ಬರುತ್ತಾರೆ.

ಪ್ರಾಸ ಅವರೇ, ಒಂದು ಕೆಲಸ ಮಾಡಿ. ಕೋಣೆಯ ಮಧ್ಯ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಟರ್ರ್ ಅಂತ ತಂತಿ ಮಿಡಿದ ಹಾಗೆ ಬಾಲ ಕೇಳಿಸಿದರೆ ಅದೇ ನಿಮ್ಮ ಬಚ್ಚಲುಮನೆ. ಎದುರುಬದುರು ಗೋಡೆಗಳ ನಡುವೆ ಸದ್ದು ಹಾರಾಡುತ್ತಿದೆ ಅಂತ ಅರ್ಥ.

ಇದು ರ‍್ಯಾಪ್‌ನಲ್ಲೇ ಯಾಕೆ ಇಷ್ಟು ಕಾಡುತ್ತದೆ ಗೊತ್ತಾ? ಭಾವಗೀತೆಯಲ್ಲಿ ಸ್ವಲ್ಪ ಕೋಣೆಯ ಸದ್ದು ಇದ್ದರೂ ಚೆನ್ನಾಗಿಯೇ ಕೇಳುತ್ತದೆ, ನಾವೇ ಮೇಲೆ ರಿವರ್ಬ್ (ಕೃತಕ ಅನುರಣನ) ಹಾಕುತ್ತೇವೆ. ರ‍್ಯಾಪ್ ವೋಕಲ್ಸ್ ಒಣಗಿರಬೇಕು, ಕೇಳುವವರ ಕಿವಿಯ ಪಕ್ಕದಲ್ಲೇ ಇರಬೇಕು. ಅದಕ್ಕೆ ಜಾಸ್ತಿ ಕಂಪ್ರೆಷನ್ ಹಾಕುತ್ತೇವೆ. ಕಂಪ್ರೆಸರ್ ಜೋರು ಸದ್ದನ್ನು 10 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅದುಮಿತು, ಆಮೇಲೆ ಒಟ್ಟು ವಾಲ್ಯೂಮ್ 10 ಡಿಬಿ ಎತ್ತಿದಿರಿ ಅಂದುಕೊಳ್ಳಿ. ಸಾಲುಗಳ ನಡುವೆ ಇದ್ದ ಫ್ಯಾನ್, ಆಟೊ, ಕೋಣೆಯ ಬಾಲ, ಎಲ್ಲವೂ 10 ಡಿಬಿ ಮೇಲೆ ಬಂತು. ಇನ್ನು ಸಾಲಿನ ಕೊನೆಯ ಪದಗಳಿಗೆ ಡಬಲ್ ಟ್ರ್ಯಾಕ್ (ಅದನ್ನೇ ಮತ್ತೆ ಹೇಳಿ ಮೇಲೆ ಕೂರಿಸುವುದು), ಪಕ್ಕದಲ್ಲಿ ಆಡ್‌ಲಿಬ್ (ನಡುನಡುವೆ ಹಾಕುವ ಕೂಗು, ಉದ್ಗಾರ) ಅಂತ ನಾಲ್ಕು ಟೇಕ್ ಪೇರಿಸಿದರೆ ನಾಲ್ಕು ಕೋಣೆ ಪೇರಿಸಿದ ಹಾಗೆ.

ಮೊದಲು ಗೋಡೆಗೆ ಕಂಬಳಿ. ಮೈಕ್ ಆಮೇಲೆ.

ಭಟ್ಟಿ_ಪ್ರಾಸ
ಚಪ್ಪಾಳೆ ತಟ್ಟಿ ನೋಡಿದೆ ಅಕ್ಕಾ. ಟರ್ರ್ ಅಂತಲೇ ಬಂತು. ಎರಡು ವರ್ಷ ಇದೇ ಕೋಣೆಯಲ್ಲಿ ಕೂತಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ.

ಪಾಡ್‌ಕಾಸ್ಟ್_ಪ್ರಿಯ
ಎಲ್ಲ ದೊಡ್ಡ ಪಾಡ್‌ಕಾಸ್ಟ್‌ಗಳಲ್ಲಿ ಶ್ಯೂರ್ ಎಸ್‌ಎಂ7ಬಿ ಮೈಕ್ ಇರುತ್ತಲ್ಲಾ, ಇನ್ನು ಸ್ವಲ್ಪ ದುಡ್ಡು ಕೂಡಿಸಿ ಅದನ್ನೇ ತಗೊಂಡರೆ ಜೀವನಪೂರ್ತಿ ಚಿಂತೆ ಇಲ್ಲ.

ಸಿಗ್ನಲ್_ಮೇಷ್ಟ್ರು
ಸ್ವಲ್ಪ ಅಲ್ಲ, ಅವರ ಬಜೆಟ್‌ನ ಎಷ್ಟೋ ಪಟ್ಟು. ಅದೂ ಅಲ್ಲದೆ ಎಸ್‌ಎಂ7ಬಿಗೆ ಸುಮಾರು 60 ಡಿಬಿ ಗೇನ್ (ಮೈಕಿನ ಸಿಗ್ನಲ್ ಎತ್ತುವ ಪ್ರಮಾಣ) ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಮೂರನೇ ತಲೆಮಾರಿನದು ಕೊಡುವುದು 56 ಡಿಬಿ. ಸಣ್ಣ ಧ್ವನಿಯವರು ಮತ್ತೆ ಮಧ್ಯದಲ್ಲಿ ಒಂದು ಬೂಸ್ಟರ್ ಹಾಕಬೇಕಾಗುತ್ತದೆ, ಅದರ ಖರ್ಚು ಬೇರೆ. ಗಂಟಲೆತ್ತಿ ಹೇಳುವವರಿಗೆ ಸಾಕಾಗಬಹುದು, ಆದರೆ ಈ ಹುಡುಗನಿಗೆ ಈಗ ಅದು ಬೇಡ.

ಸಂಖ್ಯೆ ಬೇಕಾದವರಿಗೆ: ಎಟಿ2020 ಸೆನ್ಸಿಟಿವಿಟಿ (ಅದೇ ಸದ್ದಿಗೆ ಎಷ್ಟು ಸಿಗ್ನಲ್ ಕೊಡುತ್ತದೆ ಅನ್ನುವುದು) ಮೈನಸ್ 37 ಡಿಬಿ, ಎಸ್‌ಎಂ58 ಮೈನಸ್ 54.5, ಎಸ್‌ಎಂ7ಬಿ ಮೈನಸ್ 59. ಕೆಳಗೆ ಹೋದಷ್ಟೂ ಇಂಟರ್‌ಫೇಸ್ ಮೇಲೆ ಭಾರ ಜಾಸ್ತಿ.

ಇನ್ನೊಂದು ಮಾತು, ಹುಬ್ಬಳ್ಳಿ ಅಣ್ಣ ಬೇಸರ ಮಾಡಿಕೊಳ್ಳಬಾರದು. ಕಂಡೆನ್ಸರ್ ಕೋಣೆಯ ಸದ್ದು ಹಿಡಿಯುತ್ತದೆ, ಡೈನಾಮಿಕ್ ಹಿಡಿಯುವುದಿಲ್ಲ ಅನ್ನುವುದು ಅರ್ಧ ನಿಜ. ಎರಡೂ ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನು ಜಾಸ್ತಿ, ಹಿಂದಿನದನ್ನು ಕಮ್ಮಿ ಹಿಡಿಯುವವು. ಎರಡನ್ನೂ ಒಂದೇ ದೂರದಲ್ಲಿ ಇಟ್ಟು, ಧ್ವನಿ ಒಂದೇ ಮಟ್ಟಕ್ಕೆ ಬರುವ ಹಾಗೆ ಗೇನ್ ಹೊಂದಿಸಿದರೆ ಕೋಣೆಯ ಸದ್ದೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವ್ಯತ್ಯಾಸ ಮಾಡುವುದು ದೂರ. ಒಂದು ಅಡಿಯಿಂದ ಅರ್ಧ ಅಡಿಗೆ ಬಂದರೆ ನೇರ ಧ್ವನಿ 6 ಡಿಬಿ ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಮೂರು ಇಂಚಿಗೆ ಬಂದರೆ ಇನ್ನೊಂದು 6. ಎಸ್‌ಎಂ58 ಅನ್ನು ನಾವು ತುಟಿಗೆ ತಾಗಿಸಿ ಬಳಸುತ್ತೇವೆ, ಕಂಡೆನ್ಸರ್ ಅನ್ನು ಒಂದು ಅಡಿ ದೂರ ಇಡುತ್ತೇವೆ. ಹಾಗಾಗಿ ಡೈನಾಮಿಕ್ ಗೆದ್ದ ಹಾಗೆ ಕಾಣುತ್ತದೆ.

ಹಳೇ_ಹುಬ್ಬಳ್ಳಿ
ಬೇಸರ ಏನಿಲ್ಲ ಮೇಷ್ಟ್ರೇ. ಆದರೆ ಹತ್ತಿರ ಹಿಡಿಯಬಹುದು ಅನ್ನುವುದೇ ಅದರ ಗುಣ ಅಲ್ವಾ? ಕಂಡೆನ್ಸರ್ ಅನ್ನು ಮೂರು ಇಂಚಿಗೆ ತಂದು ಇವನು ಗಂಟಲೆತ್ತಿ ಹೇಳಿದರೆ ಪ್ರತಿ ಉಸಿರಿಗೂ ಗಾಳಿ ಬಡಿಯುತ್ತದೆ. ಕೆಲಸ ಮಾಡುವವನಿಗೆ ಬೇಕಾದದ್ದು ಅದು.

ಸಿಗ್ನಲ್_ಮೇಷ್ಟ್ರು
ಅದು ಒಪ್ಪಿದೆ.

ಒತ್ತಕ್ಷರ
ಗಾಳಿ ಬಡಿಯುವ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಇಂಗ್ಲಿಷ್ ವಿಡಿಯೊಗಳಲ್ಲಿ ಪಿ ಮತ್ತು ಬಿ ಬಗ್ಗೆ ಮಾತ್ರ ಎಚ್ಚರಿಸುತ್ತಾರೆ. ನಮ್ಮ ಪ ಅಷ್ಟು ಗಾಳಿ ಬಿಡುವುದಿಲ್ಲ. ಅಂಗೈಯನ್ನು ಬಾಯಿ ಮುಂದೆ ಇಟ್ಟುಕೊಂಡು ಮೊದಲು "ಪಲ್ಲ" ಅನ್ನಿ, ಆಮೇಲೆ "ಫಲ", "ಭೂಮಿ", "ಖಡ್ಗ" ಅಂತ ಒತ್ತಿ ಹೇಳಿ. ಗೊತ್ತಾಗುತ್ತದೆ. ಮನೆ ಮಾತಿನಲ್ಲಿ ನಾವು ಮಹಾಪ್ರಾಣವನ್ನು ಅಷ್ಟು ಒತ್ತುವುದೇ ಇಲ್ಲ, ಭೂಮಿ ಬೂಮಿಯೇ ಆಗಿರುತ್ತದೆ. ಆದರೆ ರ‍್ಯಾಪ್‌ನಲ್ಲಿ ಆವೇಶ ಬಂದಾಗ ಎಲ್ಲಿಲ್ಲದ ಮಹಾಪ್ರಾಣ ಬರುತ್ತದೆ. ನಾನು ಬರೆಯುವಾಗಲೇ ಆ ಅಕ್ಷರಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ, ಅಲ್ಲಿ ಮುಖ ಸ್ವಲ್ಪ ಓರೆ ಮಾಡುತ್ತೇನೆ. ಮೈಕ್ ನೇರ ಬಾಯಿಗೆ ಬೇಡ, ಬಾಯಿಯ ಪಕ್ಕದಿಂದ ಓರೆಯಾಗಿ ನೋಡುತ್ತಿರಲಿ.

ಗಾಳಿ ತಡೆಯುವ ಪಾಪ್ ಫಿಲ್ಟರ್ ಕೊಳ್ಳಲೇಬೇಕು ಅಂತಿಲ್ಲ. ಕಸೂತಿ ಹಾಕುವ ಮರದ ಬಳೆ ಸಿಗುತ್ತದಲ್ಲಾ, ಅದಕ್ಕೆ ನೈಲಾನ್ ಕಾಲುಚೀಲ ಎರಡು ಪದರ ಬಿಗಿದು ಮೈಕಿನಿಂದ ಎರಡು ಮೂರು ಇಂಚು ಮುಂದೆ ಕಟ್ಟಿ.

ಬಸವನಗುಡಿ_ಬಾಸ್
ಇದು ಚೆನ್ನಾಗಿದೆ, ಯಾರೂ ಹೇಳಿರಲಿಲ್ಲ. ಸ, ಶ, ಚ ಬಗ್ಗೆಯೂ ಹೇಳಿ. ನನ್ನ ಮೈಕ್‌ನಲ್ಲಿ "ಹೆಚ್ಚು", "ಮುಚ್ಚು" ಅಂತ ಪ್ರಾಸ ಬಂದರೆ ಕಿವಿಗೆ ಚುಚ್ಚುತ್ತದೆ.

ಕೇಳುವ_ಕಿವಿ
ನೀವು ಹೇಳುವ ಆ ಹೊಳಪೇ ಚುಚ್ಚುವುದು ಬಾಸ್. ಅಗ್ಗದ ಕಂಡೆನ್ಸರ್‌ಗಳಲ್ಲಿ ಮೇಲಿನ ಭಾಗ ಎತ್ತಿರುತ್ತಾರೆ, ಅಂಗಡಿಯಲ್ಲಿ ಕೇಳಿದಾಗ ಸ್ಪಷ್ಟ ಅನಿಸುತ್ತದೆ. 5ರಿಂದ 8 ಕಿಲೋಹರ್ಟ್ಜ್ ಹತ್ತಿರ ಡಿ-ಎಸ್ಸರ್ (ಸ, ಶ ಸದ್ದನ್ನು ತಗ್ಗಿಸುವ ಎಫೆಕ್ಟ್) ಹಾಕಿ, ಆದರೆ ಜಾಸ್ತಿ ಹಾಕಿದರೆ ಸ ಎಲ್ಲ ತೊದಲಿದ ಹಾಗೆ ಆಗುತ್ತದೆ.

ಕಡಲತಡಿ
ಉಡುಪಿಯಿಂದ ಒಂದು ಎಚ್ಚರಿಕೆ. ಕರಾವಳಿಯವರು, ಮಲೆನಾಡಿನವರು ಕಂಡೆನ್ಸರ್ ತಗೊಂಡರೆ ಮಳೆಗಾಲ ನೆನಪಿರಲಿ. ತೇವ ಒಳಗೆ ಹೋದರೆ ಚಟಪಟ ಸದ್ದು ಶುರುವಾಗುತ್ತದೆ. ನನ್ನದು ಜುಲೈಯಲ್ಲಿ ಹಾಗಾಯಿತು, ಕೆಟ್ಟೇ ಹೋಯಿತು ಅಂದುಕೊಂಡಿದ್ದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟ ಮೇಲೆ ಸರಿಯಾಯಿತು. ಈಗ ಕೆಲಸ ಮುಗಿದ ಕೂಡಲೇ ಡಬ್ಬಿಗೆ ಹಾಕುತ್ತೇನೆ.

ನಾಕು_ಮಾತ್ರೆ
ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಸಾಕು. ಮೊಟ್ಟೆ ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ನಮ್ಮ ಏರಿಯಾದ ಹುಡುಗರೆಲ್ಲ ಅದನ್ನೇ ಮಾಡಿರುವುದು.

ಕೇಳುವ_ಕಿವಿ
ದಯವಿಟ್ಟು ಬೇಡ. ಅದು ತೆಳು ರಟ್ಟು, ಸದ್ದನ್ನು ಹೀರುವುದಕ್ಕೆ ಅದರಲ್ಲಿ ದಪ್ಪವೇ ಇಲ್ಲ. ಮೇಲಿನ ಸ್ವಲ್ಪ ಸದ್ದು ಚದುರಿ ಕೋಣೆ ಬದಲಾದ ಹಾಗೆ ಅನಿಸುತ್ತದೆ, ಕೆಳಗಿನ ಗುಂಯ್ ಅಲ್ಲೇ ಉಳಿಯುತ್ತದೆ. ಮೇಲಾಗಿ ಬೆಂಕಿ ಹೊತ್ತಿದರೆ ರಟ್ಟು ಬೇಗ ಉರಿಯುತ್ತದೆ, ಧೂಳು ಜಿರಲೆ ಬೇರೆ. ಒಂದು ಇಂಚಿನ ಫೋಮ್ ತುಂಡುಗಳ ಕಥೆಯೂ ಅಷ್ಟೇ.

ನಾಕು_ಮಾತ್ರೆ
ನಮಗಂತೂ ವ್ಯತ್ಯಾಸ ಕೇಳಿಸಿದೆ.

ಸಿಗ್ನಲ್_ಮೇಷ್ಟ್ರು
ಕೇಳಿಸುತ್ತದೆ, ಆದರೆ ಬೇಕಾದ ಕಡೆ ಅಲ್ಲ. ಪ್ರಾಸನ ಕೋಣೆಯ ಲೆಕ್ಕ ನೋಡಿ. 10 ಅಡಿ ಅಂದರೆ ಸುಮಾರು 3 ಮೀಟರ್. ಆ ಉದ್ದಕ್ಕೆ ಸುಮಾರು 56 ಹರ್ಟ್ಜ್‌ನಲ್ಲಿ, ಮತ್ತೆ 112ರ ಹತ್ತಿರ ಕೋಣೆ ತಾನೇ ದನಿ ಸೇರಿಸುತ್ತದೆ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಬಂದು ಬೀಳುತ್ತದೆ. 112 ಅಂದರೆ ಗಂಡಸರ ಮಾತಿನ ದನಿ ಇರುವ ಜಾಗ. ಕೋಣೆಯ ಸರಿ ಮಧ್ಯದಲ್ಲಿ, ಗೋಡೆಗೆ ಒತ್ತಿಕೊಂಡು, ಬರೀ ಮೂಲೆಯಲ್ಲಿ ನಿಲ್ಲಬೇಡಿ. ಒಂದು ಗೋಡೆಯಿಂದ ಮೂರು, ಮೂರೂವರೆ ಅಡಿ ದೂರ ನಿಂತು ನೋಡಿ. ನಿಮ್ಮ ಬೆನ್ನ ಹಿಂದೆ ದಪ್ಪ ಬಟ್ಟೆ ಇರಲಿ, ಯಾಕೆಂದರೆ ಮೈಕ್ ನೋಡುತ್ತಿರುವುದು ನಿಮ್ಮನ್ನೂ ನಿಮ್ಮ ಹಿಂದಿನ ಗೋಡೆಯನ್ನೂ. ಎಲ್ಲರೂ ಮೈಕ್ ಹಿಂದೆ ಫೋಮ್ ಹಾಕುತ್ತಾರೆ, ತಮ್ಮ ಹಿಂದೆ ಹಾಕುವುದಿಲ್ಲ.

ಡೊಳ್ಳು_ಡ್ರಾಪ್
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸಾಗರದ ಕಡೆಯವನು. ಊರ ಹಬ್ಬದಲ್ಲಿ ಡೊಳ್ಳು ರೆಕಾರ್ಡ್ ಮಾಡಿ ಬೀಟ್‌ಗೆ ಹಾಕಬೇಕು ಅಂತ ಆಸೆ. ಫೋನ್‌ನಲ್ಲಿ ಮಾಡಿದರೆ ಹರಿದ ಹಾಗೆ ಬರುತ್ತದೆ. ಯಾವ ಮೈಕ್?

ಹಳೇ_ಹುಬ್ಬಳ್ಳಿ
ಶ್ಯೂರ್ ಎಸ್‌ಎಂ57. ಡೊಳ್ಳಿನ ಚರ್ಮದಿಂದ ಒಂದು ಅಡಿ ದೂರ, ಕೋಲು ಬೀಳುವ ಜಾಗಕ್ಕೆ ಓರೆಯಾಗಿ. ತಮಟೆಗೂ ಅದೇ. ಹೋಗುವ ಮೊದಲು ಗೇನ್ ಪೂರ್ತಿ ಇಳಿಸಿ, ಅವರು ಜೋರಾಗಿ ಹೊಡೆಯುವ ಭಾಗ ಕೇಳಿ ಆಮೇಲೆ ಏರಿಸಿ. ಮೊದಲ ಎರಡು ನಿಮಿಷ ಸುಮ್ನೆ ಬಾರಿಸುತ್ತಾರೆ, ಆಮೇಲೆ ಹುರುಪು ಬಂದಾಗ ಎಲ್ಲ ಕ್ಲಿಪ್ ಆಗುತ್ತದೆ, ಅಂದರೆ ಸದ್ದು ಮಿತಿ ಮೀರಿ ಹರಿಯುತ್ತದೆ.

ಡೊಳ್ಳು_ಡ್ರಾಪ್
ಸರಿಯಾಗಿ ಹೇಳಿದಿರಿ, ನನ್ನದು ಹಾಳಾಗಿದ್ದು ಅಲ್ಲೇ.

ಪಾಡ್‌ಕಾಸ್ಟ್_ಪ್ರಿಯ
ವಿಷಯಕ್ಕೆ ಬನ್ನಿ. ಇಷ್ಟೆಲ್ಲ ಲೆಕ್ಕ ಬೇಕಾ? ಮುಂಬೈಯ ರ‍್ಯಾಪರ್ ನೇಜಿ 2014ರಲ್ಲಿ ಐಪ್ಯಾಡ್‌ನಲ್ಲೇ ರೆಕಾರ್ಡ್ ಮಾಡಿ ಐಪ್ಯಾಡ್‌ನಲ್ಲೇ ವಿಡಿಯೊ ತೆಗೆದು ಹೆಸರು ಮಾಡಲಿಲ್ವಾ. ಬರವಣಿಗೆ ಗಟ್ಟಿ ಇದ್ದರೆ ಸಾಕು.

ಭಟ್ಟಿ_ಪ್ರಾಸ
ಅದು ನನಗೂ ಧೈರ್ಯ ಕೊಟ್ಟಿದೆ. ಆದರೆ ನಾನು ಬರೆದಿದ್ದು ಜನರಿಗೆ ಅರ್ಥವೇ ಆಗುತ್ತಿಲ್ಲ ಸಾರ್. ನಮ್ಮಮ್ಮನಿಗೆ ಕೇಳಿಸಿದೆ. "ಏನೋ ಜೋರಾಗಿ ಹೇಳ್ತಿದೀಯ, ಏನು ಹೇಳ್ತಿದೀಯ ಗೊತ್ತಾಗಲಿಲ್ಲ" ಅಂದರು. ಅವರ ಬಗ್ಗೆಯೇ ಬರೆದ ಹಾಡು ಅದು. ಅದಕ್ಕೇ ದುಡ್ಡು ಕೂಡಿಸಲು ಶುರು ಮಾಡಿದ್ದು.

ಹಳೇ_ಹುಬ್ಬಳ್ಳಿ
ತಮ್ಮಾ, ನನ್ನ ಮಾತು ಕೇಳು. ಈಗಲೇ ಏನೂ ಕೊಳ್ಳಬೇಡ. ನಿಮ್ಮ ಊರಲ್ಲಿ ಗಣಪತಿ ಹಬ್ಬಕ್ಕೆ, ಮದುವೆಗೆ ಸೌಂಡ್ ಸರ್ವಿಸ್ ಕೊಡುವವರು ಇದ್ದೇ ಇರುತ್ತಾರೆ. ಕೆಲಸ ಇಲ್ಲದ ದಿನ ಹೋಗಿ ಒಂದು ಎಸ್‌ಎಂ58, ಯುಎಸ್‌ಬಿ ಇರುವ ಚಿಕ್ಕ ಮಿಕ್ಸರ್ ಬಾಡಿಗೆಗೆ ಕೇಳು. ಒಂದು ದಿನಕ್ಕೆ ನೂರಿನ್ನೂರರ ಮೇಲೆ ಆಗುವುದಿಲ್ಲ. ಮನೆಯಲ್ಲಿ ಬಳಸಿ ನೋಡಿ ಆಮೇಲೆ ತೀರ್ಮಾನ ಮಾಡು.

ಕೇಳುವ_ಕಿವಿ
ಇಡೀ ಚರ್ಚೆಯಲ್ಲಿ ಇದೇ ಒಳ್ಳೆಯ ಸಲಹೆ. ಹೋಲಿಸುವಾಗ ಒಂದೇ ಎಂಟು ಸಾಲು ಹೇಳಿ, ಎಲ್ಲ ಟೇಕ್‌ಗಳನ್ನೂ ಒಂದೇ ವಾಲ್ಯೂಮ್‌ಗೆ ತನ್ನಿ. ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನಿಸುತ್ತದೆ. ಹೆಸರು ಮುಚ್ಚಿಟ್ಟು ಬೇರೆಯವರಿಗೆ ಕೇಳಿಸಿ.

ಭಟ್ಟಿ_ಪ್ರಾಸ
ನಾಲ್ಕು ದಿನ ಆಯಿತು, ಬಂದು ಹೇಳುತ್ತಿದ್ದೇನೆ. ಗೆಳೆಯನ ಮಾವನ ಸೌಂಡ್ಸ್ ಅಂಗಡಿ ಇದೆ, 150 ರೂಪಾಯಿಗೆ ಎಸ್‌ಎಂ58, ಮಿಕ್ಸರ್ ಎರಡೂ ಕೊಟ್ಟರು. ಭಟ್ಟಿ ಬಂದ್ ಆದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತೆ. ಫ್ಯಾನ್ ಬಂದ್.

ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮೇಲೆ ಎರಡು ಕಂಬಳಿ, ಒಂದು ರಜಾಯಿ ಹಾಕಿ ಬೆನ್ನ ಹಿಂದೆ ಅರ್ಧ ವೃತ್ತ ಮಾಡಿದೆ. ಹಾಸಿಗೆ ಎತ್ತಿ ಪಕ್ಕದ ಗೋಡೆಗೆ ಒರಗಿಸಿದೆ. ನೆಲಕ್ಕೆ ಜಮಖಾನ. ಮತ್ತೆ ಚಪ್ಪಾಳೆ ತಟ್ಟಿದರೆ ಬಾಲವೇ ಇಲ್ಲ!

ನಾಲ್ಕು ಟೇಕ್ ಮಾಡಿದೆ. ಹಳೇ ಮೈಕ್ ಖಾಲಿ ಕೋಣೆಯಲ್ಲಿ, ಹಳೇ ಮೈಕ್ ಕಂಬಳಿ ಒಳಗೆ ಐದು ಇಂಚು ದೂರದಲ್ಲಿ, ಎಸ್‌ಎಂ58 ಖಾಲಿ ಕೋಣೆಯಲ್ಲಿ, ಎಸ್‌ಎಂ58 ಕಂಬಳಿ ಒಳಗೆ ಮೂರು ಇಂಚಿನಲ್ಲಿ. ವಾಲ್ಯೂಮ್ ಸರಿ ಮಾಡಿ ತಂಗಿಗೆ ಹೆಸರು ಹೇಳದೆ ಕೇಳಿಸಿದೆ. ಅವಳು ಮೊದಲು ಆರಿಸಿದ್ದು ಕಂಬಳಿ ಒಳಗಿನ ಎಸ್‌ಎಂ58. ಎರಡನೆಯದು ಯಾವುದು ಗೊತ್ತಾ? ಕಂಬಳಿ ಒಳಗಿನ ಹಳೇ ಮೈಕ್. ಖಾಲಿ ಕೋಣೆಯ ಎಸ್‌ಎಂ58 ಮೂರನೆಯದು.

ಆದರೆ ಹಳೇ ಮೈಕ್‌ನಲ್ಲಿ ಸುಂಯ್ ಸದ್ದು ಮಾತ್ರ ಹೋಗಿಲ್ಲ.

ಸಿಗ್ನಲ್_ಮೇಷ್ಟ್ರು
ಬಹಳ ಚೆನ್ನಾಗಿ ಮಾಡಿದ್ದೀರಿ. ಆ ಸುಂಯ್ ಬಹುತೇಕ ಆ ಸೌಂಡ್ ಕಾರ್ಡ್‌ನದು. ನಿಮ್ಮ ಮೈಕ್ ಹಿಂದೆ ಮೂರು ಪಿನ್ ಎಕ್ಸ್‌ಎಲ್‌ಆರ್ ಕನೆಕ್ಟರ್ ಇದ್ದರೆ ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿ, 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ಕರೆಂಟ್) ಇರುವ ಇಂಟರ್‌ಫೇಸ್‌ಗೆ ಜೋಡಿಸಿದರೆ ಅದೇ ಮೈಕ್ ಬೇರೆ ಥರ ಕೇಳುತ್ತದೆ. ಅಂದರೆ ದುಡ್ಡಿನ ದೊಡ್ಡ ಭಾಗ ಇಂಟರ್‌ಫೇಸ್‌ಗೆ ಹೋಗಲಿ. ಬೆಹ್ರಿಂಜರ್ ಯುಎಂಸಿ202ಎಚ್‌ಡಿ ನೋಡಿ, ಎರಡು ಇನ್‌ಪುಟ್, 24 ಬಿಟ್ (ಬಿಟ್ ಜಾಸ್ತಿ ಇದ್ದಷ್ಟೂ ಸಣ್ಣ ಸದ್ದೂ ಸ್ಪಷ್ಟ). ಯುಎಂ2 ಇನ್ನೂ ಅಗ್ಗ, ಆದರೆ 16 ಬಿಟ್. 24 ಬಿಟ್‌ನಲ್ಲಿ ಗೇನ್ ತಗ್ಗಿಸಿ ಮೈನಸ್ 12 ಡಿಬಿ ಹತ್ತಿರ ರೆಕಾರ್ಡ್ ಮಾಡಿದರೂ ಚಿಂತೆ ಇಲ್ಲ, ಆವೇಶದಲ್ಲಿ ಕ್ಲಿಪ್ ಆಗುವ ಭಯ ತಪ್ಪುತ್ತದೆ.

ಬಸವನಗುಡಿ_ಬಾಸ್
ಹಾಗಾದರೆ ಮೈಕ್‌ಗೆ ಏನು ಉಳಿಯುತ್ತದೆ?

ಹಳೇ_ಹುಬ್ಬಳ್ಳಿ
ಬೆಹ್ರಿಂಜರ್ ಎಕ್ಸ್‌ಎಂ8500. ಎಸ್‌ಎಂ58ಕ್ಕಿಂತ ಎಷ್ಟೋ ಅಗ್ಗ, ಅದೂ ಡೈನಾಮಿಕ್. ಶ್ಯೂರ್ ಅಷ್ಟು ಗಟ್ಟಿ ಇಲ್ಲ, ವೇದಿಕೆ ಮೇಲೆ ಬೀಳಿಸುವ ಕೆಲಸಕ್ಕೆ ನಾನು ಕೊಡುವುದಿಲ್ಲ. ಮನೆಯಲ್ಲಿ ಸ್ಟ್ಯಾಂಡ್ ಮೇಲೆ ಇರುವುದಕ್ಕೆ ಏನೂ ತೊಂದರೆ ಇಲ್ಲ.

ಸೆಕೆಂಡ್ ಹ್ಯಾಂಡ್ ಎಸ್‌ಎಂ58 ಸಿಕ್ಕರೆ ಹುಷಾರು, ನಕಲಿ ತುಂಬ ಓಡಾಡುತ್ತಿದೆ. ನಾನೂ ಒಮ್ಮೆ ಮೂರು ನಕಲಿ ತಗೊಂಡು ದುಡ್ಡು ಕಳೆದುಕೊಂಡೆ. ಅಸಲಿ ಮೈಕ್ ತೂಕ 298 ಗ್ರಾಂ. ಯಾವುದಾದರೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಹಗುರ ಇದ್ದರೆ ಮಾತ್ರ ಖಂಡಿತ ಬಿಟ್ಟುಬಿಡಿ.

ಮತ್ತೆ ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡ. ರ‍್ಯಾಪ್ ಹುಡುಗರು ಎಲ್ಲರೂ ಹಾಗೇ ಹಿಡಿಯುತ್ತಾರೆ, ನನಗೆ ವೇದಿಕೆ ಮೇಲೆ ಅದರದ್ದೇ ಜಗಳ. ಜಾಲರಿಯ ಹಿಂಭಾಗ ತೆರೆದಿದ್ದರೆ ತಾನೇ ಅದು ಹಿಂದಿನ ಸದ್ದು ಬಿಡುವುದು. ಮುಚ್ಚಿದರೆ ಎಲ್ಲ ಕಡೆಯ ಸದ್ದೂ ಒಳಗೆ ಬರುತ್ತದೆ, ಧ್ವನಿ ಮಡಕೆಯೊಳಗಿಂದ ಬಂದ ಹಾಗೆ ಆಗುತ್ತದೆ.

ಕಡಲತಡಿ
ಇಯರ್‌ಫೋನ್ ಬ್ಲೂಟೂತ್ ಬೇಡ, ತಡವಾಗಿ ಕೇಳುತ್ತದೆ, ತಾಳ ತಪ್ಪುತ್ತದೆ. ವೈರ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಇಲ್ಲದಿದ್ದರೆ ಬೀಟ್ ಸೋರಿ ಮೈಕ್‌ಗೆ ಬರುತ್ತದೆ.

ಭಟ್ಟಿ_ಪ್ರಾಸ
ತಗೊಂಡೆ! ಯುಎಂಸಿ202ಎಚ್‌ಡಿ ಬೆಂಗಳೂರಿನಲ್ಲಿರುವ ಅಣ್ಣನ ಗೆಳೆಯನಿಂದ ಸೆಕೆಂಡ್ ಹ್ಯಾಂಡ್, ಎಕ್ಸ್‌ಎಂ8500 ಹೊಸದು, ಎರಡು ಕೇಬಲ್. 12 ಸಾವಿರದಲ್ಲಿ ಸ್ವಲ್ಪ ಉಳಿಯಿತು, ಹೆಡ್‌ಫೋನ್‌ಗೆ ಇಟ್ಟಿದ್ದೇನೆ. ಹಳೇ ಮೈಕ್ ಕೂಡ ಫ್ಯಾಂಟಮ್ ಪವರ್ ಮೇಲೆ ಹಾಕಿ ನೋಡಿದೆ, ಮೇಷ್ಟ್ರು ಹೇಳಿದ ಹಾಗೆ ಸುಂಯ್ ತುಂಬ ಕಡಿಮೆ ಆಯಿತು. ಆಡ್‌ಲಿಬ್‌ಗೆ ಅದನ್ನೇ ದೂರ ಇಟ್ಟು ಬಳಸುತ್ತೇನೆ.

ಒಂದೇ ತೊಂದರೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಅಂತ ಬರುತ್ತದೆ, ತೆಗೆದರೆ ಹೋಗುತ್ತದೆ.

ಸಿಗ್ನಲ್_ಮೇಷ್ಟ್ರು
ಆ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಸರಿ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಕರೆದು ತೋರಿಸಿ, ಅದು ಮೈಕ್‌ಗಿಂತ ನಿಮ್ಮ ಜೀವಕ್ಕೆ ಮುಖ್ಯ. ಅಲ್ಲಿಯವರೆಗೆ ಚಾರ್ಜ್ ತುಂಬಿಸಿ, ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಭಟ್ಟಿಯ ಸದ್ದಿಗೆ 80-100 ಹರ್ಟ್ಜ್ ಕೆಳಗೆ ಕತ್ತರಿಸುವ ಫಿಲ್ಟರ್ ಹಾಕಿ.

ಕೇಳುವ_ಕಿವಿ
ಮೊದಲ ಹಾಡು ಮುಗಿದ ಮೇಲೆ ಫೈಲ್ ಕಳಿಸಿ ಪ್ರಾಸ, ಎಫೆಕ್ಟ್ ಏನೂ ಹಾಕದೆ. ನಾನು ಮಿಕ್ಸ್ ಮಾಡಿ ಕೊಡುತ್ತೇನೆ. ಅಮ್ಮನ ಹಾಡೇ ಮೊದಲು.

ಭಟ್ಟಿ_ಪ್ರಾಸ
ಅದನ್ನೇ ನಿನ್ನೆ ರಾತ್ರಿ ಮತ್ತೆ ಹೇಳಿದೆ ಅಕ್ಕಾ. ಬೆಳಿಗ್ಗೆ ಅಮ್ಮನಿಗೆ ಕೇಳಿಸಿದೆ, ಇನ್ನೂ ಮಿಕ್ಸ್ ಇಲ್ಲ ಏನಿಲ್ಲ. ಎರಡನೇ ಸಾಲಿಗೇ ಒಲೆ ಆರಿಸಿ ಬಂದು ಕೂತರು. ಸಂಜೆ ಫೈಲ್ ಕಳಿಸುತ್ತೇನೆ.